ಆರ್‌ಸಿಬಿ ಹರಾಜು ಮತ್ತು ಅಭಿಮಾನಿಗಳ ಸಿಟ್ಟು: ‘ನಾನು ಆಗಲೇ ಹೇಳಿದ್ದೆ’ ಎನ್ನುವ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್ ಮೆಗಾ ಹರಾಜು ನಡೆಯಿತು. ಅದು ಮುಗಿಯುವ ಮೊದಲೇ ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳು ಕಾದ ಹೆಂಚಿನಂತಾಗಿದ್ದವು. ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದರು. ಮೊಹಮ್ಮದ್ ಸಿರಾಜ್ 12.25 ಕೋಟಿಗೆ ಗುಜರಾತ್‌ಗೆ ಹೋದರು. ವಿಲ್ ಜಾಕ್ಸ್ 5.25 ಕೋಟಿಗೆ ಮುಂಬೈ ಸೇರಿದರು. ಆರ್‌ಸಿಬಿ ಮ್ಯಾನೇಜ್‌ಮೆಂಟ್‌ಗೆ ಬುದ್ಧಿ ಇಲ್ಲ, ಇವರಿಗೆ ಕಪ್ಪು ಬೇಡ, ಜೆರ್ಸಿ ಮಾರಿದರೆ ಸಾಕು ಎಂಬ ಸಂದೇಶಗಳು ನಿಮ್ಮ ಫೋನಿಗೂ ಬಂದಿರಬಹುದು. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬಸ್ ಹತ್ತುವವರ ಗ್ರೂಪಿನಿಂದ ಹಿಡಿದು ಮಾಗಡಿ, ಕನಕಪುರದ ಕಾಲೇಜು ಹುಡುಗರ ಗ್ರೂಪಿನವರೆಗೆ ಎಲ್ಲೆಡೆ ಅದೇ ಮಾತು.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಅದೇ ತಂಡ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿತು. ಮರುದಿನದ ಫಾರ್ವರ್ಡ್‌ಗಳ ಧಾಟಿಯೇ ಬೇರೆ: ಎಂಥ ಹರಾಜು ಮಾಡಿದ್ದರು ನೋಡಿ, ಎಂಥ ದೂರದೃಷ್ಟಿ!

ಸುಮಾರು ಆರು ತಿಂಗಳ ಅಂತರದಲ್ಲಿ ಒಂದೇ ಹರಾಜು ದಡ್ಡತನವೂ ಆಯಿತು, ಬುದ್ಧಿವಂತಿಕೆಯೂ ಆಯಿತು. ಎರಡೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿಲ್ಲ. ಹಾಗಾದರೆ ತಂಡ ಕಟ್ಟುವ ನಿರ್ಧಾರವೊಂದು ಸರಿಯೋ ತಪ್ಪೋ ಎಂದು ಅಳೆಯುವುದು ಹೇಗೆ? ಅಭಿಮಾನಿಗಳ ಸಿಟ್ಟಿನಲ್ಲಿ ನ್ಯಾಯ ಎಷ್ಟಿದೆ, ಭ್ರಮೆ ಎಷ್ಟಿದೆ? ಒಂದೊಂದಾಗಿ ನೋಡೋಣ.

ಸಿಟ್ಟು ಸುಮ್ಮನೆ ಬಂದದ್ದಲ್ಲ

ಮೊದಲು ಅಭಿಮಾನಿಗಳ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲೇ ಆರ್‌ಸಿಬಿ 82 ರನ್‌ಗೆ ಆಲೌಟ್ ಆಗಿ 140 ರನ್‌ಗಳಿಂದ ಸೋತಿತು. ಆ ವರ್ಷ 14 ಪಂದ್ಯಗಳಲ್ಲಿ ಗೆದ್ದದ್ದು 4. ಟೆಸ್ಟ್ ತಂಡ ಕಟ್ಟಿದ್ದಾರೆ ಎಂಬ ಟೀಕೆ ಆಗಲೇ ಶುರುವಾಗಿತ್ತು. ಸೀಸನ್ ನಡುವೆಯೇ ತಂಡದ ಸಿಇಒ ಚಾರು ಶರ್ಮಾ ಹುದ್ದೆ ಬಿಡಬೇಕಾಯಿತು.

ಆಮೇಲೆ ಮೂರು ಫೈನಲ್‌ಗಳಲ್ಲಿ ಸೋಲು: 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್, 2011ರಲ್ಲಿ ಚೆನ್ನೈ ಎದುರು 58 ರನ್, 2016ರಲ್ಲಿ ಹೈದರಾಬಾದ್ ಎದುರು 8 ರನ್. 2017ರಲ್ಲಿ ಕೋಲ್ಕತ್ತದಲ್ಲಿ 49 ರನ್‌ಗೆ ಆಲೌಟ್ ಆಗಿ, ಕೊನೆಗೆ ಪಟ್ಟಿಯಲ್ಲೂ ಕೊನೆಯ ಸ್ಥಾನ. 2019ರಲ್ಲಿ ಮೊದಲ ಆರೂ ಪಂದ್ಯಗಳಲ್ಲಿ ಸೋಲು, ಮತ್ತೆ ಕೊನೆಯ ಸ್ಥಾನ.

2016ರ ಫೈನಲ್ ಅಭಿಮಾನಿಗಳ ದೂರಿಗೆ ಒಳ್ಳೆಯ ಸಾಕ್ಷಿ. ಆ ಸೀಸನ್‌ನಲ್ಲಿ ವಿರಾಟ್ ಕೊಹ್ಲಿ 973 ರನ್ ಹೊಡೆದಿದ್ದರು. ಫೈನಲ್‌ನಲ್ಲಿ ಕೊಹ್ಲಿ ಮತ್ತು ಗೇಲ್ ಮೊದಲ ವಿಕೆಟ್‌ಗೆ 114 ರನ್ ಸೇರಿಸಿದರು. ಆದರೂ ಪಂದ್ಯ ಕೈಬಿಟ್ಟಿತು, ಏಕೆಂದರೆ ಹೈದರಾಬಾದ್ ಅದಕ್ಕೂ ಮೊದಲೇ 208 ರನ್ ಪೇರಿಸಿತ್ತು. ಶೇನ್ ವಾಟ್ಸನ್ ಅವರ ಕೊನೆಯ ಓವರ್ ಒಂದರಲ್ಲೇ 24 ರನ್ ಹೋಗಿತ್ತು. ಬ್ಯಾಟಿಂಗ್ ಮೇಲೆ ಹಣ ಸುರಿದು ಬೌಲಿಂಗ್ ಮರೆಯುತ್ತಾರೆ ಎಂಬ ದೂರಿಗೆ ಆಧಾರ ಇತ್ತು. ಬೌಂಡರಿ ಚಿಕ್ಕದಿರುವ ಚಿನ್ನಸ್ವಾಮಿಯಲ್ಲಿ ವರ್ಷಕ್ಕೆ ಏಳು ಪಂದ್ಯ ಆಡುವ ತಂಡಕ್ಕೆ ಬೌಲರ್‌ಗಳು ಎಷ್ಟು ಮುಖ್ಯ ಎಂಬುದಕ್ಕೆ ದೊಡ್ಡ ಪರಿಣತಿಯೇನೂ ಬೇಕಿರಲಿಲ್ಲ.

ಹೇಳಿಕೆ 1: ಆರ್‌ಸಿಬಿಗೆ ಶಾಪ ಇತ್ತು

17 ಸೀಸನ್ ಆಡಿ ಒಂದೂ ಕಪ್ ಇಲ್ಲ ಎಂದರೆ ಶಾಪವೇ ಇರಬೇಕು ಅನ್ನಿಸುವುದು ಸಹಜ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ಎಲ್ಲ ತಂಡಗಳೂ ಸರಿಸಮಾನ, ಕಪ್ ಯಾರಿಗೆ ಎಂಬುದು ಚೀಟಿ ಎತ್ತಿದಂತೆ ಎಂದು ಒಂದು ಕ್ಷಣ ಭಾವಿಸಿ. 2008ರಿಂದ 2024ರವರೆಗೆ 11 ಸೀಸನ್‌ಗಳಲ್ಲಿ 8 ತಂಡ, 2 ಸೀಸನ್‌ಗಳಲ್ಲಿ 9 ತಂಡ, 4 ಸೀಸನ್‌ಗಳಲ್ಲಿ 10 ತಂಡ ಆಡಿದ್ದವು. ಪ್ರತಿ ವರ್ಷ ಕಪ್ ತಪ್ಪುವ ಸಂಭವವನ್ನು ಗುಣಿಸುತ್ತ ಹೋದರೆ, ಒಂದು ತಂಡಕ್ಕೆ 17 ವರ್ಷವೂ ಕಪ್ ಸಿಗದಿರುವ ಸಂಭವ ಸುಮಾರು ಶೇ 12 ಬರುತ್ತದೆ. ಅಂದರೆ ಎಂಟರಲ್ಲಿ ಒಂದು. ಎಂಟು ತಂಡಗಳಿಂದ ಶುರುವಾದ ಲೀಗ್‌ನಲ್ಲಿ ಒಂದು ತಂಡದ ಕೈ 17 ವರ್ಷ ಖಾಲಿ ಉಳಿಯುವುದು ಬರೀ ಅದೃಷ್ಟದ ಆಟದಲ್ಲೂ ನಿರೀಕ್ಷಿತವೇ.

ನಿಜದಲ್ಲಿ ಅಂಥ ತಂಡಗಳು ಮೂರಿದ್ದವು. ಮೊದಲ ಸೀಸನ್‌ನಿಂದ ಆಡುತ್ತಿರುವ ಡೆಲ್ಲಿ ಮತ್ತು ಪಂಜಾಬ್ ತಂಡಗಳು 2025 ಮುಗಿದಾಗಲೂ ಒಂದೂ ಕಪ್ ಗೆದ್ದಿರಲಿಲ್ಲ. ಅವರಿಗೆ ಶಾಪ ಎಂದು ನಮ್ಮ ಗ್ರೂಪುಗಳಲ್ಲಿ ಯಾರೂ ಕೊರಗಲಿಲ್ಲ. ಹಾಗೆಂದು ಎಲ್ಲವೂ ಅದೃಷ್ಟ ಎನ್ನುವಂತೆಯೂ ಇಲ್ಲ. ಮುಂಬೈ ಮತ್ತು ಚೆನ್ನೈ ತಲಾ 5 ಕಪ್ ಗೆದ್ದಿವೆ. ಚೀಟಿ ಎತ್ತುವುದರಲ್ಲಿ ಅಷ್ಟು ಬಾರಿ ಒಬ್ಬರಿಗೇ ಬರುವುದು ಕಷ್ಟ. ತಂಡ ಕಟ್ಟುವ ಕೌಶಲಕ್ಕೂ ಪಾಲಿದೆ, ಅದೃಷ್ಟಕ್ಕೂ ಪಾಲಿದೆ. ಶಾಪಕ್ಕೆ ಮಾತ್ರ ಪಾಲಿಲ್ಲ.

ಇಂಥ ಶಾಪದ ಕಥೆ ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಷಿಕಾಗೊ ಕಬ್ಸ್ ತಂಡ 1908ರಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 2016ರಲ್ಲಿ. 1945ರಲ್ಲಿ ಒಬ್ಬ ಹೋಟೆಲ್ ಮಾಲೀಕ ತನ್ನ ಮೇಕೆಯೊಂದಿಗೆ ಕ್ರೀಡಾಂಗಣಕ್ಕೆ ಬಂದಾಗ ಹೊರಗೆ ಕಳಿಸಿದ್ದರಂತೆ, ಅವನ ಶಾಪವೇ ಕಾರಣ ಎಂದು ಜನ ದಶಕಗಳ ಕಾಲ ನಂಬಿದ್ದರು. ಮೇಕೆಯ ಶಾಪ 1945ರದ್ದು, ಆದರೆ ಕಬ್ಸ್ ಸೋಲುತ್ತ ಬಂದದ್ದು 1909ರಿಂದ ಎಂಬುದನ್ನು ಯಾರೂ ಕೇಳಲಿಲ್ಲ.

ಹೇಳಿಕೆ 2: ಹೋದ ವರ್ಷ 5 ಗೆದ್ದರು, ಆದ್ದರಿಂದ ತಂಡವೇ ಕೆಟ್ಟದು

ಲೀಗ್ ಹಂತದಲ್ಲಿ ಒಂದು ತಂಡ ಆಡುವುದು 14 ಪಂದ್ಯ. ಇದು ಬಹಳ ಸಣ್ಣ ಮಾದರಿ. ನಾಣ್ಯವೊಂದನ್ನು 14 ಸಲ ಚಿಮ್ಮಿಸಿ ನೋಡಿ. ಪ್ರತಿ ಸಲವೂ 7-7 ಬರುವುದಿಲ್ಲ. ಲೆಕ್ಕ ಹಾಕಿದರೆ, ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ಸರಿಯಾಗಿ ಅರ್ಧದಷ್ಟಿರುವ ತಂಡ ಸುಮಾರು ಐದು ಸೀಸನ್‌ಗೊಮ್ಮೆ 5 ಅಥವಾ ಅದಕ್ಕೂ ಕಡಿಮೆ ಪಂದ್ಯ ಗೆಲ್ಲುತ್ತದೆ. ಅದೇ ತಂಡ ಸುಮಾರು ಐದು ಸೀಸನ್‌ಗೊಮ್ಮೆ 9 ಅಥವಾ ಹೆಚ್ಚು ಪಂದ್ಯವನ್ನೂ ಗೆಲ್ಲುತ್ತದೆ. ಆಟಗಾರರು ಅವರೇ, ಕೋಚ್ ಅವರೇ. ಒಂದು ವರ್ಷ ಬೈಗುಳ, ಇನ್ನೊಂದು ವರ್ಷ ಹೂಮಾಲೆ.

ಗಾಯದ ಸಂಗತಿಯೂ ಇದೆ. ಕಬಡ್ಡಿಯಿಂದ ಒಂದು ಉದಾಹರಣೆ: ಬೆಂಗಳೂರು ಬುಲ್ಸ್‌ಗೆ 6ನೇ ಸೀಸನ್‌ನಲ್ಲಿ ಕಪ್ ತಂದುಕೊಟ್ಟ ಪವನ್ ಸೆಹ್ರಾವತ್ ಅವರನ್ನು 9ನೇ ಸೀಸನ್ ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು. ಪವನ್ ಕೈತಪ್ಪಿದ್ದಕ್ಕೆ ಬುಲ್ಸ್ ಅಭಿಮಾನಿಗಳಿಗೆ ಬೇಸರವಾಯಿತು. ಆದರೆ ಪವನ್ ಆ ಸೀಸನ್‌ನ ಮೊದಲ ಪಂದ್ಯದಲ್ಲೇ ಗಾಯಗೊಂಡು ಹೊರಬಿದ್ದರು. ಬುಲ್ಸ್ ಅದೇ ವರ್ಷ ಸೆಮಿಫೈನಲ್ ಆಡಿತು. ಇದನ್ನು ಬುಲ್ಸ್‌ನ ಜಾಣತನ ಎನ್ನಲಾಗದು, ತಲೈವಾಸ್‌ನ ದಡ್ಡತನ ಎನ್ನಲೂ ಆಗದು. ಮೊಣಕಾಲು ಯಾವಾಗ ಕೈಕೊಡುತ್ತದೆ ಎಂದು ಹರಾಜಿನ ದಿನ ಯಾರಿಗೂ ಗೊತ್ತಿರುವುದಿಲ್ಲ.

ಹೇಳಿಕೆ 3: ಬಿಟ್ಟ ಆಟಗಾರ ಮಿಂಚಿದ, ಬಿಟ್ಟದ್ದು ತಪ್ಪೆಂದು ಸಾಬೀತಾಯಿತು

ಅತಿ ಹೆಚ್ಚು ಶೇರ್ ಆಗುವ ದೂರು ಇದೇ. ಯಜುವೇಂದ್ರ ಚಾಹಲ್ ಪ್ರಕರಣ ನೋಡೋಣ. 2014ರಿಂದ 2021ರವರೆಗೆ ಆರ್‌ಸಿಬಿಗೆ 139 ವಿಕೆಟ್ ತೆಗೆದವರು ಅವರು. 2022ರ ಮೆಗಾ ಹರಾಜಿಗೆ ಮುನ್ನ ತಂಡ ಅವರನ್ನು ಉಳಿಸಿಕೊಳ್ಳಲಿಲ್ಲ. ರಾಜಸ್ಥಾನ 6.5 ಕೋಟಿಗೆ ಕೊಂಡಿತು. ಆ ವರ್ಷವೇ ಅವರು 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದರು. ಗ್ರೂಪುಗಳಲ್ಲಿ ತೀರ್ಪು ಬಂದೇಬಿಟ್ಟಿತು.

ಫಾರ್ವರ್ಡ್‌ಗಳಲ್ಲಿ ಬಾರದ ಒಂದು ಅಂಕಿ ಇದೆ. ಚಾಹಲ್ ಜಾಗಕ್ಕೆ ಆರ್‌ಸಿಬಿ ತಂದ ವನಿಂದು ಹಸರಂಗ ಅದೇ ಸೀಸನ್‌ನಲ್ಲಿ 26 ವಿಕೆಟ್ ತೆಗೆದರು. ವ್ಯತ್ಯಾಸ ಒಂದೇ ವಿಕೆಟ್. ಹಾಗಾದರೆ ನಿರ್ಧಾರ ಸರಿಯೇ? ಇನ್ನೂ ಎರಡು ಅಂಕಿ ಸೇರಿಸಿ. ಹಸರಂಗಗೆ ಕೊಟ್ಟದ್ದು 10.75 ಕೋಟಿ, ಅಂದರೆ ಚಾಹಲ್ ಬೆಲೆಗಿಂತ 4.25 ಕೋಟಿ ಹೆಚ್ಚು. 2023ರಲ್ಲೂ ಚಾಹಲ್ 21 ವಿಕೆಟ್ ತೆಗೆದರು. ಆ ಸೀಸನ್ ಮುಗಿದ ಮೇಲೆ ಆರ್‌ಸಿಬಿ ಹಸರಂಗ ಅವರನ್ನು ಬಿಟ್ಟುಕೊಟ್ಟಿತು. ಈ ಲೆಕ್ಕದಲ್ಲಿ ಟೀಕಾಕಾರರ ಮಾತಿಗೆ ತೂಕವಿದೆ. ಆದರೆ ಆ ತೂಕ ಬರುವುದು ಬೆಲೆ ಮತ್ತು ಎರಡು ವರ್ಷಗಳ ಆಟವನ್ನು ಹೋಲಿಸಿದಾಗ. ಪರ್ಪಲ್ ಕ್ಯಾಪ್ ತೊಟ್ಟ ಫೋಟೊ ಒಂದರಿಂದ ಬರುವುದಿಲ್ಲ.

ತಂಡದಿಂದ ತಮಗೆ ಒಂದು ಫೋನ್ ಕರೆಯೂ ಬರಲಿಲ್ಲ ಎಂದು ಚಾಹಲ್ ನಂತರ ಬೇಸರದಿಂದ ಹೇಳಿಕೊಂಡರು. ಎಂಟು ವರ್ಷ ದುಡಿದವರನ್ನು ಕಳಿಸಿಕೊಡುವ ರೀತಿ ಒಂದು ಪ್ರಶ್ನೆ. ಕಳಿಸಿದ್ದು ಆಟದ ದೃಷ್ಟಿಯಿಂದ ಸರಿಯೇ ಎಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಒಂದೇ ಮೂಟೆಗೆ ಕಟ್ಟಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಫಲಿತಾಂಶ ನೋಡಿ ನಿರ್ಧಾರವನ್ನು ಅಳೆಯುವ ಈ ಅಭ್ಯಾಸವನ್ನು ಮನಶ್ಶಾಸ್ತ್ರಜ್ಞರಾದ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಶಿ 1988ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಒಬ್ಬ ವೈದ್ಯ ರೋಗಿಗೆ ಆಪರೇಷನ್ ಮಾಡುವ ತೀರ್ಮಾನ ತೆಗೆದುಕೊಂಡ ಕಥೆಯನ್ನು ಜನರಿಗೆ ಕೊಟ್ಟರು. ಮಾಹಿತಿ ಎಲ್ಲ ಒಂದೇ, ಕೊನೆ ಮಾತ್ರ ಬೇರೆ. ರೋಗಿ ಬದುಕಿದ ಎಂದು ಓದಿದವರು ತೀರ್ಮಾನ ಒಳ್ಳೆಯದು ಎಂದರು. ಸತ್ತ ಎಂದು ಓದಿದವರು ಅದೇ ತೀರ್ಮಾನಕ್ಕೆ ಕಡಿಮೆ ಅಂಕ ಕೊಟ್ಟರು. ಹಿಂದಿರುಗಿ ನೋಡಿದಾಗ ಎಲ್ಲವೂ ಮೊದಲೇ ಗೊತ್ತಿದ್ದಂತೆ ಕಾಣುವುದು ಇದರ ಜೋಡಿ ದೋಷ. ‘ನಾನು ಆಗಲೇ ಹೇಳಿದ್ದೆ’ ಹುಟ್ಟುವುದು ಅಲ್ಲಿ.

2025ರಲ್ಲಿ ಇದು ಕಣ್ಣೆದುರೇ ನಡೆಯಿತು. ಏಪ್ರಿಲ್ 2ರಂದು ಸಿರಾಜ್ ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ ವಿರುದ್ಧ 19 ರನ್‌ಗೆ 3 ವಿಕೆಟ್ ಕಿತ್ತರು. ಏಪ್ರಿಲ್ 10ರಂದು ರಾಹುಲ್ ಅಲ್ಲೇ ಅಜೇಯ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಅಂಗಳ ಎಂದು ತೋರಿಸಿದರು. ಆ ಎರಡು ರಾತ್ರಿ ಹರಾಜಿನ ಪಟ್ಟಿಯನ್ನು ಮತ್ತೆ ಹೊರತೆಗೆದು ಬೈದವರು ಅದೆಷ್ಟೋ. ಸೀಸನ್ ಮುಗಿದಾಗ ಸಿರಾಜ್ ಒಟ್ಟು 16 ವಿಕೆಟ್ ಪಡೆದಿದ್ದರು. ಆರ್‌ಸಿಬಿ ಕೊಂಡಿದ್ದ ಜೋಶ್ ಹೇಜಲ್‌ವುಡ್ 22, ಭುವನೇಶ್ವರ್ ಕುಮಾರ್ 17. 5.75 ಕೋಟಿಗೆ ಬಂದ ಕೃಣಾಲ್ ಪಾಂಡ್ಯ ಫೈನಲ್‌ನಲ್ಲಿ 4 ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದರು.

ಮ್ಯಾನೇಜ್‌ಮೆಂಟ್‌ಗೆ ಎಲ್ಲ ಗೊತ್ತಿತ್ತು ಎನ್ನುವವರಿಗೆ ಇನ್ನೊಂದು ಸಂಗತಿ. ಕಪ್ ಎತ್ತಿದ ನಾಯಕ ರಜತ್ ಪಾಟೀದಾರ್ ಅವರನ್ನು 2022ರ ಹರಾಜಿನಲ್ಲಿ ಆರ್‌ಸಿಬಿಯೂ ಸೇರಿದಂತೆ ಯಾರೂ ಕೊಂಡಿರಲಿಲ್ಲ. ಕರ್ನಾಟಕದ ಲವ್‌ನಿತ್ ಸಿಸೋಡಿಯ ಗಾಯಗೊಂಡಾಗ ಬದಲಿಯಾಗಿ 20 ಲಕ್ಷಕ್ಕೆ ಕರೆಸಿಕೊಂಡರು. ಅದೇ ವರ್ಷ ಅವರು ಎಲಿಮಿನೇಟರ್‌ನಲ್ಲಿ 54 ಎಸೆತಕ್ಕೆ ಅಜೇಯ 112 ಹೊಡೆದರು. ಕ್ರಿಸ್ ಗೇಲ್ ಕೂಡ 2011ರಲ್ಲಿ ಹೀಗೇ, ಗಾಯಗೊಂಡ ಡರ್ಕ್ ನ್ಯಾನೆಸ್ ಬದಲಿಗೆ ಬಂದವರು. ಜಾಣ ನಿರ್ಧಾರದ ಹಿಂದೆಯೂ ಅದೃಷ್ಟದ ಕೈ ಇರುತ್ತದೆ.

ಹರಾಜಿನಲ್ಲಿ ಗೆದ್ದವನೇ ಸೋಲುವುದು ಹೇಗೆ?

ಇದನ್ನು ಅರ್ಥ ಮಾಡಿಕೊಳ್ಳಲು ಜೆಡ್ಡಾಗೆ ಹೋಗಬೇಕಿಲ್ಲ, ಬಿಡದಿಯಿಂದ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋದರೆ ಸಾಕು. ರೈತ ಗೂಡು ತಂದು ಸುರಿಯುತ್ತಾನೆ. ರೀಲರ್‌ಗಳು ಕೈಯಲ್ಲಿ ಹಿಡಿದು, ಅದುಮಿ, ಕಲೆ ಬಿದ್ದ ಗೂಡು ಎಷ್ಟಿದೆ, ತೆಳು ಗೂಡು ಎಷ್ಟಿದೆ ಎಂದು ನೋಡಿ, ಇದರಿಂದ ಎಷ್ಟು ನೂಲು ಬರಬಹುದು ಎಂದು ಅಂದಾಜು ಹಾಕಿ ಬಿಡ್ ಮಾಡುತ್ತಾರೆ. ನೂಲು ನಿಜಕ್ಕೂ ಎಷ್ಟು ಬಂತು ಎಂದು ತಿಳಿಯುವುದು ಗೂಡು ಬೇಯಿಸಿ ದಾರ ಬಿಚ್ಚಿದ ಮೇಲೆಯೇ.

ಹತ್ತು ಜನ ರೀಲರ್‌ಗಳು ಅಂದಾಜು ಹಾಕಿದರೆ ಕೆಲವರದು ನಿಜಕ್ಕಿಂತ ಕಡಿಮೆ, ಕೆಲವರದು ಹೆಚ್ಚು ಇರುತ್ತದೆ. ಲಾಟು ಸಿಗುವುದು ಯಾರಿಗೆ? ಎಲ್ಲರಿಗಿಂತ ಹೆಚ್ಚು ಅಂದಾಜು ಹಾಕಿದವರಿಗೆ. ಅಂದರೆ ಗೆದ್ದವರು ಹೆಚ್ಚು ಬೆಲೆ ಕೊಟ್ಟಿರುವ ಸಂಭವವೇ ಹೆಚ್ಚು. ಇದಕ್ಕೆ ಅರ್ಥಶಾಸ್ತ್ರದಲ್ಲಿ ‘ಗೆದ್ದವನ ಶಾಪ’ ಎಂಬ ಹೆಸರಿದೆ. 1971ರಲ್ಲಿ ಅಮೆರಿಕದ ಮೂವರು ಪೆಟ್ರೋಲಿಯಂ ಎಂಜಿನಿಯರುಗಳು ಸಮುದ್ರದ ತೈಲ ಬಾವಿಗಳ ಹರಾಜನ್ನು ನೋಡಿ ಇದನ್ನು ಮೊದಲು ವಿವರಿಸಿದರು. ಅನುಭವಿ ರೀಲರ್ ಇದನ್ನು ಓದದೆಯೇ ಬಲ್ಲ. ತನ್ನ ಮಿತಿ ದಾಟಿದ ಕೂಡಲೇ ಕೈ ಕೆಳಗಿಳಿಸುತ್ತಾನೆ.

ಆರ್‌ಸಿಬಿ ಹಲವು ಬಾರಿ ಕೈ ಇಳಿಸಲಿಲ್ಲ. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ, 2017ರಲ್ಲಿ ಟೈಮಲ್ ಮಿಲ್ಸ್‌ಗೆ 12 ಕೋಟಿ, 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ, 2024ರ ಸೀಸನ್‌ಗೆ ಅಲ್ಜಾರಿ ಜೋಸೆಫ್‌ಗೆ 11.5 ಕೋಟಿ. ನಾಲ್ವರೂ ಒಂದೊಂದೇ ಸೀಸನ್ ಇದ್ದು ಹೋದರು. ಜೋಸೆಫ್ ಆಡಿದ್ದು ಮೂರೇ ಪಂದ್ಯ.

ಜೆಡ್ಡಾ ಹರಾಜಿನಲ್ಲಿ ಪ್ರತಿ ತಂಡಕ್ಕೂ ಒಟ್ಟು 120 ಕೋಟಿ ಮಿತಿ ಇತ್ತು. ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡ ಮೇಲೆ ಆರ್‌ಸಿಬಿ ಕೈಯಲ್ಲಿದ್ದದ್ದು 83 ಕೋಟಿ. ರಾಹುಲ್‌ಗೆ ಮತ್ತು ಸಿರಾಜ್‌ಗೆ ಸಂದ ಬೆಲೆಗಳನ್ನು ಕೂಡಿದರೆ 26.25 ಕೋಟಿ. ಹೇಜಲ್‌ವುಡ್‌ಗೆ 12.5 ಮತ್ತು ಭುವನೇಶ್ವರ್‌ಗೆ 10.75 ಸೇರಿ 23.25 ಕೋಟಿ. ಇದನ್ನೂ ಕೊಳ್ಳಿ, ಅದನ್ನೂ ಕೊಳ್ಳಿ ಎಂಬ ಫಾರ್ವರ್ಡ್‌ಗಳಲ್ಲಿ ಈ ಕೂಡಿಸುವ ಲೆಕ್ಕ ಇರುವುದಿಲ್ಲ. ಒಬ್ಬರನ್ನು ಕೊಂಡರೆ ಇನ್ಯಾರನ್ನು ಬಿಡುತ್ತೀರಿ ಎಂದು ಹೇಳದ ಸಲಹೆ ಅರ್ಧ ಸಲಹೆ.

ಹೇಳಿಕೆ 4: ಎಲ್ಲರನ್ನೂ ಕಿತ್ತುಹಾಕಿ ಹೊಸದಾಗಿ ಕಟ್ಟಬೇಕು

ಈ ಯೋಚನೆ ಅಮೆರಿಕದ ಕ್ರೀಡೆಗಳಿಂದ ಬಂದಿದೆ. ಬೇಸ್‌ಬಾಲ್‌ನ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಹಳೆಯ, ದುಬಾರಿ ಆಟಗಾರರನ್ನು ಕೈಬಿಟ್ಟು ಎಳೆಯರನ್ನು ಬೆಳೆಸಲು ಹೊರಟಿತು. 162 ಪಂದ್ಯಗಳ ಸೀಸನ್‌ನಲ್ಲಿ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಸೋಲು ಉಂಡಿತು. 2017ರಲ್ಲಿ ಚಾಂಪಿಯನ್ ಆಯಿತು. ಸೋಲನ್ನು ಸಹಿಸಿದರೆ ಗೆಲುವು ಬರುತ್ತದೆ ಎಂಬ ಕಥೆ ಇಲ್ಲಿಂದ ಹಬ್ಬಿತು.

ಆ ಕಥೆ ಹೇಳದ ಮೂರು ಸಂಗತಿ. ಒಂದು, ಅಲ್ಲಿ ಆಗ ಕೊನೆಯ ಸ್ಥಾನ ಪಡೆದವರಿಗೆ ಮುಂದಿನ ಹೊಸ ಆಟಗಾರರಲ್ಲಿ ಮೊದಲು ಆರಿಸುವ ಹಕ್ಕು ಸಿಗುತ್ತಿತ್ತು. ಎರಡು, ಆ ಹಕ್ಕೂ ಖಾತ್ರಿಯಲ್ಲ. ಆಸ್ಟ್ರೋಸ್ ಸತತ ಮೂರು ವರ್ಷ ಮೊದಲು ಆರಿಸಿದವರಲ್ಲಿ ಒಬ್ಬರು ತಾರೆಯಾದರು, ಇನ್ನೊಬ್ಬರು ಆ ತಂಡಕ್ಕೆ ಒಂದೂ ಪಂದ್ಯ ಆಡಲಿಲ್ಲ, ಮೂರನೆಯವರು ಒಪ್ಪಂದಕ್ಕೇ ಸಹಿ ಹಾಕಲಿಲ್ಲ. ಮೂರು, 2017ರಲ್ಲಿ ಆ ತಂಡ ಎದುರಾಳಿಗಳ ಸಂಜ್ಞೆಗಳನ್ನು ಕ್ಯಾಮೆರಾ ಮೂಲಕ ಕದ್ದದ್ದು ಬಯಲಾಗಿ 2020ರಲ್ಲಿ ದಂಡ ಬಿತ್ತು.

ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಹುಮಾನವಿಲ್ಲ. ಕೊನೆಯವರಿಗೂ ಮೊದಲಿನವರಿಗೂ ಹರಾಜಿನ ಮಿತಿ ಒಂದೇ. ಜೊತೆಗೆ ಕೆಲವು ವರ್ಷಗಳಿಗೊಮ್ಮೆ ಮೆಗಾ ಹರಾಜು ಬಂದು ಬಹುಪಾಲು ಆಟಗಾರರನ್ನು ಮತ್ತೆ ಬುಟ್ಟಿಗೆ ಹಾಕುತ್ತದೆ. ಐದು ವರ್ಷ ಕಾದು ಎಳೆಯರನ್ನು ಬೆಳೆಸುವ ಯೋಜನೆಗೆ ಇಲ್ಲಿ ನೆಲವೇ ಕಡಿಮೆ.

ಹಾಗೆ ನೋಡಿದರೆ ಕಿತ್ತುಹಾಕದೆ ಗೆದ್ದ ಉದಾಹರಣೆ ನಮ್ಮ ಮನೆಯಲ್ಲೇ ಇದೆ. ಆರ್‌ಸಿಬಿ ಮಹಿಳಾ ತಂಡ 2023ರ ಮೊದಲ ಡಬ್ಲ್ಯುಪಿಎಲ್‌ನಲ್ಲಿ ಮೊದಲ ಐದೂ ಪಂದ್ಯ ಸೋತಿತು. 8ರಲ್ಲಿ ಗೆದ್ದದ್ದು 2. 3.4 ಕೋಟಿ ಕೊಟ್ಟು ತಂದ ನಾಯಕಿ ಸ್ಮೃತಿ ಮಂದಾನ ಅವರನ್ನು ಬದಲಿಸಿ ಎಂಬ ಕೂಗು ಎದ್ದಿತ್ತು. ತಂಡ ಕೋಚ್ ಬದಲಿಸಿತು, ಕೆಲವು ಜಾಗ ತುಂಬಿಕೊಂಡಿತು. ಆದರೆ ಮಂದಾನ, ಎಲಿಸ್ ಪೆರಿ, ರಿಚಾ ಘೋಷ್, ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ ಇದ್ದ ಬುನಾದಿಯನ್ನು ಮುಟ್ಟಲಿಲ್ಲ. 2024ರ ಮಾರ್ಚ್ 17ರಂದು ಡೆಲ್ಲಿಯನ್ನು ಸೋಲಿಸಿ ಕಪ್ ಗೆದ್ದಿತು. ಫೈನಲ್‌ನಲ್ಲಿ ಶ್ರೇಯಾಂಕಾ 12 ರನ್‌ಗೆ 4 ವಿಕೆಟ್ ತೆಗೆದರು. ಪುರುಷರಿಗಿಂತ ಒಂದು ವರ್ಷ ಮೊದಲೇ ‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ನಿಜ ಮಾಡಿದ್ದು ಇವರು.

ಹೇಳಿಕೆ 5: ಕ್ಯಾಪ್ಟನ್ ಅಥವಾ ಕೋಚ್ ಬದಲಿಸಿದರೆ ಸರಿಹೋಗುತ್ತದೆ

ಸತತವಾಗಿ ಸೋತ ಮೇಲೆ ನಾಯಕನನ್ನು ಬದಲಿಸಿದರೆ ತಂಡ ಸುಧಾರಿಸುವುದು ಉಂಟು. ಆದರೆ ಬದಲಿಸದಿದ್ದರೂ ಸುಧಾರಿಸುತ್ತಿತ್ತೇ ಎಂದು ಕೇಳಬೇಕು. ಡಚ್ ಫುಟ್‌ಬಾಲ್ ಲೀಗ್‌ನ 1986ರಿಂದ 2004ರವರೆಗಿನ ದಾಖಲೆ ನೋಡಿದ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್, ಕೋಚ್ ಬದಲಿಸಿದ ತಂಡಗಳೂ ಅಷ್ಟೇ ಕೆಟ್ಟದಾಗಿ ಆಡಿ ಕೋಚ್ ಬದಲಿಸದ ತಂಡಗಳೂ ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡದ್ದನ್ನು ಕಂಡರು. ತೀರಾ ಕೆಟ್ಟ ಹಂತದ ನಂತರ ಸಾಮಾನ್ಯ ಮಟ್ಟಕ್ಕೆ ಮರಳುವುದು ಸಹಜ. ಜ್ವರ ತಾನಾಗಿ ಇಳಿಯುವ ದಿನ ಕುಡಿದ ಕಷಾಯಕ್ಕೆ ಹೆಸರು ಬಂದಂತೆ.

2024ರ ಆರ್‌ಸಿಬಿಯನ್ನೇ ನೋಡಿ. ಮೊದಲ 8 ಪಂದ್ಯಗಳಲ್ಲಿ 7 ಸೋಲು. ಆಮೇಲೆ ಸತತ 6 ಗೆಲುವು, ಪ್ಲೇಆಫ್ ಪ್ರವೇಶ. ನಾಯಕ ಮಾತ್ರ ಸೋಲುವಾಗಲೂ ಫಾಫ್ ಡುಪ್ಲೆಸಿ, ಗೆಲ್ಲುವಾಗಲೂ ಡುಪ್ಲೆಸಿ. ನಡುವೆ ಬದಲಿಸಿದ್ದರೆ ಆ ಆರು ಗೆಲುವಿನ ಶ್ರೇಯ ಹೊಸ ನಾಯಕನಿಗೆ ಹೋಗುತ್ತಿತ್ತು.

ಹೇಳಿಕೆ 6: ಎಲ್ಲ ಫಿಕ್ಸಿಂಗ್, ನಮಗೆ ಮೊದಲೇ ಗೊತ್ತು

ಐಪಿಎಲ್‌ನಲ್ಲಿ ಹಗರಣವೇ ಆಗಿಲ್ಲ ಎನ್ನುವಂತಿಲ್ಲ. 2013ರ ಬೆಟ್ಟಿಂಗ್ ಪ್ರಕರಣದಿಂದಾಗಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳು 2016 ಹಾಗೂ 2017ರಲ್ಲಿ ಅಮಾನತಿನಲ್ಲಿದ್ದವು. ಆದರೆ ಅದು ತನಿಖೆ, ನ್ಯಾಯಾಲಯ, ಸಾಕ್ಷ್ಯಗಳ ಮೂಲಕ ಹೊರಬಂದದ್ದು. ನಮ್ಮ ತಂಡ ಸೋತಿತು ಎಂಬುದು ಸಾಕ್ಷ್ಯವಲ್ಲ.

ಇಲ್ಲಿ ಎಚ್ಚರ ಬೇಕಾದ್ದು ಬೇರೆಡೆ. ಮೂರು ಪಂದ್ಯಗಳ ಫಲಿತಾಂಶ ಸರಿಯಾಗಿ ಹೇಳಿದ ಅಪರಿಚಿತ ನಂಬರ್ ನಾಲ್ಕನೆಯದಕ್ಕೆ ಹಣ ಕೇಳಿದರೆ ನಂಬಬೇಡಿ. ತಂತ್ರ ಸರಳ. 8,000 ಜನರಲ್ಲಿ ಅರ್ಧ ಜನರಿಗೆ ಆರ್‌ಸಿಬಿ ಗೆಲ್ಲುತ್ತದೆ, ಇನ್ನರ್ಧಕ್ಕೆ ಸೋಲುತ್ತದೆ ಎಂದು ಕಳಿಸುತ್ತಾರೆ. ಸರಿಯಾದ 4,000 ಜನರನ್ನು ಮತ್ತೆ ಎರಡು ಭಾಗ ಮಾಡುತ್ತಾರೆ. ಮೂರು ಪಂದ್ಯದ ನಂತರ 1,000 ಜನರಿಗೆ ಆತ ಮೂರೂ ಸರಿ ಹೇಳಿದವನಾಗಿ ಕಾಣುತ್ತಾನೆ. ಆ ಸಾವಿರದಲ್ಲಿ ನೀವೂ ಒಬ್ಬರಾಗಿರಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

‘ನಾವು’ ಗೆದ್ವಿ, ‘ಅವರು’ ಸೋತರು

ಇಷ್ಟೆಲ್ಲ ಲೆಕ್ಕ ಗೊತ್ತಿದ್ದರೂ ಸೋತ ರಾತ್ರಿ ಹೊಟ್ಟೆಯಲ್ಲಿ ಬೆಂಕಿ ಏಕೆ? 1976ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ನಡೆಸಿದ ಅಧ್ಯಯನ ಪ್ರಕಟಿಸಿದರು. ತಮ್ಮ ತಂಡ ಗೆದ್ದ ನಂತರದ ಸೋಮವಾರ ಹೆಚ್ಚು ವಿದ್ಯಾರ್ಥಿಗಳು ವಿ.ವಿ. ಹೆಸರಿನ ಉಡುಪು ತೊಡುತ್ತಿದ್ದರು. ಗೆದ್ದ ಪಂದ್ಯದ ಬಗ್ಗೆ ಮಾತಾಡುವಾಗ ‘ನಾವು’ ಎನ್ನುವುದು ಹೆಚ್ಚು, ಸೋತಾಗ ‘ಅವರು’. ನಮ್ಮಲ್ಲೂ ಅಷ್ಟೇ. ಗೆದ್ದರೆ ಕಪ್ ನಮ್ದೇ, ಸೋತರೆ ಇವ್ರಿಗೆ ಆಟ ಬರಲ್ಲ. ಅಭಿಮಾನಿಗೆ ತಂಡವೆಂದರೆ ತನ್ನ ಗುರುತಿನ ಒಂದು ತುಂಡು, ಹಾಗಾಗಿ ತಂಡದ ಮೇಲಿನ ಟೀಕೆ ತನ್ನನ್ನು ಉಳಿಸಿಕೊಳ್ಳುವ ದಾರಿಯೂ ಹೌದು.

ತೊಂದರೆ ಬರುವುದು ಆ ಸಿಟ್ಟು ದಾರಿ ತಪ್ಪಿದಾಗ. 2021ರ ಎಲಿಮಿನೇಟರ್‌ನಲ್ಲಿ ಸೋತ ಮೇಲೆ ಡ್ಯಾನ್ ಕ್ರಿಶ್ಚಿಯನ್ ಅವರ ಸಂಗಾತಿಯ ಖಾತೆಗೆ ಬೈಗುಳದ ಸುರಿಮಳೆಯಾಯಿತು. 2023ರ ಮೇ 21ರಂದು ಶುಭಮನ್ ಗಿಲ್ ಶತಕ ಹೊಡೆದು ಆರ್‌ಸಿಬಿಯನ್ನು ಹೊರಹಾಕಿದ ರಾತ್ರಿ ಅವರ ಸಹೋದರಿಯನ್ನು ಗುರಿಯಾಗಿಸಿ ಅಶ್ಲೀಲ ಸಂದೇಶಗಳು ಬಂದವು. ಆಡಿದವರಲ್ಲ, ಆರಿಸಿದವರೂ ಅಲ್ಲ, ಮನೆಯ ಹೆಣ್ಣುಮಕ್ಕಳು ಏಟು ತಿಂದರು.

ಮನೆಯೊಳಗೂ ಹೀಗಾಗುತ್ತದೆ. ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಗೆಲ್ಲುತ್ತದೆ ಎಂದುಕೊಂಡಿದ್ದ ಊರಿನ ಫುಟ್‌ಬಾಲ್ ತಂಡ ಸೋತ ದಿನ, ಮನೆಯಲ್ಲಿ ಹೆಂಡತಿ ಅಥವಾ ಸಂಗಾತಿಯ ಮೇಲೆ ಗಂಡಸರು ನಡೆಸುವ ಹಲ್ಲೆಯ ದೂರುಗಳು ಸುಮಾರು ಶೇ 10 ಹೆಚ್ಚಾಗುತ್ತಿದ್ದವು. ಇಂಥ ಸ್ಥಿತಿ ಎದುರಾದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. 2006ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗೂ ಹೆಚ್ಚಿದ್ದವು. ಹೃದಯದ ಕಾಯಿಲೆ ಇರುವವರು ಮಾತ್ರೆ ತಪ್ಪಿಸಬೇಡಿ. ಎದೆ ಹಿಡಿದರೆ ಕೊನೆಯ ಓವರ್ ಮುಗಿಯಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಗೆಲುವಿನ ಅಮಲೂ ಅಪಾಯವೇ. 2025ರ ಜೂನ್ 4ರಂದು ವಿಜಯೋತ್ಸವದ ಮೆರವಣಿಗೆ ಇದೆ ಎಂದೂ ಇಲ್ಲ ಎಂದೂ ಎರಡೂ ಬಗೆಯ ಸಂದೇಶಗಳು ಓಡಾಡಿದವು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಕ್ರೀಡಾಂಗಣದಿಂದ ಸುಮಾರು 35 ಕಿಲೋಮೀಟರ್ ದೂರದ ಬಿಡದಿಯಂಥ ಊರಿನಿಂದ ಹೊರಡುವವರಿಗೆ ಫೋನಿಗೆ ಬಂದ ಸಂದೇಶವೇ ಮಾಹಿತಿ. ಅಂಥ ಫಾರ್ವರ್ಡ್‌ನ ಸತ್ಯಾಸತ್ಯ ಜೀವದ ಪ್ರಶ್ನೆಯಾಗಬಹುದು.

ಮುಂದಿನ ಹರಾಜಿನ ದಿನ ಏನು ಮಾಡಬೇಕು?

ಟೀಕೆ ನಿಲ್ಲಿಸಬೇಕಿಲ್ಲ. ಟಿಕೆಟ್, ಜೆರ್ಸಿಗೆ ಹಣ ಕೊಡುವವರಿಗೆ ಪ್ರಶ್ನೆ ಕೇಳುವ ಹಕ್ಕಿದೆ. ಬೌಲಿಂಗ್ ಕಡೆಗಣಿಸಿದ್ದೀರಿ ಎಂದು ಅಭಿಮಾನಿಗಳು ವರ್ಷಗಟ್ಟಲೆ ಹೇಳಿದ್ದು ಸರಿಯಿತ್ತು. ಬೌಲಿಂಗ್ ಬಲವಿದ್ದ ತಂಡವೇ ಕೊನೆಗೆ ಗೆದ್ದದ್ದು. ಪ್ರಶ್ನೆ ಕೇಳುವ ಮೊದಲು ಹೀಗೆ ನೋಡಿಕೊಳ್ಳಿ.

– ಆ ನಿರ್ಧಾರದ ದಿನ ಏನು ಗೊತ್ತಿತ್ತು? ಆಮೇಲೆ ಗೊತ್ತಾದದ್ದನ್ನು ಬದಿಗಿಡಿ.
– ಬೆಲೆ ಎಷ್ಟು? ಆ ಹಣದಲ್ಲಿ ಬದಲಿಗೆ ಯಾರು ಬಂದರು?
– ಒಂದು ಪಂದ್ಯ, ಒಂದು ಸೀಸನ್ ನೋಡಿ ಹೇಳುತ್ತಿದ್ದೇವೆಯೇ, ಎರಡು-ಮೂರು ವರ್ಷ ನೋಡಿ ಹೇಳುತ್ತಿದ್ದೇವೆಯೇ?
– ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಆಗುತ್ತಿದೆಯೇ? ಆಗುತ್ತಿದ್ದರೆ ಅದು ದುರದೃಷ್ಟವಲ್ಲ, ಆಗ ಗಟ್ಟಿಯಾಗಿ ಕೇಳಿ.
– ಸಂದೇಶ ಯಾರ ಮೇಲೆ? ನಿರ್ಧಾರ ಮಾಡಿದವರ ಮೇಲೋ, ಆಟಗಾರನ ಮನೆಯವರ ಮೇಲೋ?

ಇನ್ನೊಂದು ಸರಳ ಉಪಾಯ. ಹರಾಜು ಮುಗಿದ ರಾತ್ರಿಯೇ ನಿಮ್ಮ ಗ್ರೂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಮತ್ತು ಕಾರಣವನ್ನು ಬರೆದು ಪಿನ್ ಮಾಡಿ. ಸೀಸನ್ ಮುಗಿದ ಮೇಲೆ ತೆರೆದು ಓದಿ. ಆಗಲೇ ಹೇಳಿದ್ದವರು ಯಾರು, ಆಮೇಲೆ ಹೇಳಿದವರು ಯಾರು ಎಂಬುದು ಅಲ್ಲೇ ತಿಳಿಯುತ್ತದೆ.